ದೆವ್ವಕ್ಕೆ ಬಿಟ್ಟ ಮಂಚ

ಹಾಸಿಗೆ ಹೊಲಿಯುವ ಮುದುಕನನ್ನು ಬೀದಿಯವರೆಲ್ಲ ಬಿಲ್ಲಜ್ಜ ಎನ್ನುತ್ತಿದ್ದರು. ಹತ್ತಿ ಹಿಂಜುವ ಬಿಲ್ಲು ಅವನ ಹೆಗಲು ಬಿಟ್ಟಿದ್ದನ್ನು ಕಂಡವರಿಲ್ಲ. ಸತ್ತವರ ಹಾಸಿಗೆಯನ್ನು ಜನ ಮೂಗು ಮುಚ್ಚಿಕೊಂಡು ತಂದು ಹಾಕಿದರೆ, "ಹತ್ತಿಗೆಲ್ಲಿ ಸಾವು? ಹಿಂಜಿದ್ರೆ ಬಾಣಂತಿಗೂ ಆಗುತ್ತೆ" ಎಂದು ನಗುತ್ತಿದ್ದ. ವರ್ಷಗಟ್ಟಲೆ ಒಬ್ಬರೇ ಮಲಗಿದ ಹಾಸಿಗೆಯಲ್ಲಿ ಮೈಯ ತಗ್ಗು ಬಿದ್ದಿರುತ್ತದೆ. ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬಿಲ್ಲಿನಿಂದ ಮೀಟಿದರೆ ಆ ತಗ್ಗು ಹೇಳಹೆಸರಿಲ್ಲದೆ ಹೋಗುತ್ತದೆ.

ಊರಿಗೆ ಹೇಳುವ ಈ ಬುದ್ಧಿ ಅವನ ಮನೆಯ ಹೊಸಿಲು ದಾಟಿ ಒಳಗೆ ಬಂದಿರಲಿಲ್ಲ. ಹೆಂಡತಿ ಕೆಮ್ಮಿ ಕೆಮ್ಮಿ ಸತ್ತ ಮಂಚವನ್ನು, ಅವಳ ತಗ್ಗಿದ್ದ ಹಾಸಿಗೆ ಸಮೇತ ಹಾಗೆಯೇ ಬಿಟ್ಟಿದ್ದ. ಅದರ ಮೇಲೆ ಮಲಗಿದವರನ್ನು ಅವಳು ಜೊತೆಗೆ ಕರೆದೊಯ್ಯುತ್ತಾಳೆಂಬ ದಿಗಿಲು. ಗಂಡನ ಮನೆಯಿಂದ ಅದೇ ಕೆಮ್ಮು ಹೊತ್ತು ಮಗಳು ಬಂದಾಗಲೂ ಇದ್ದೊಂದು ಮಂಚ ಖಾಲಿಯೇ ಉಳಿಯಿತು. ಅಪ್ಪ ಮಗಳು ನೆಲಕ್ಕೆ ಚಾಪೆ ಹಾಸಿಕೊಂಡರು.

ಮಗಳು ಗೋಡೆಗೊರಗಿ, ರಟ್ಟು ಕಿತ್ತುಹೋದ ಹಳೆಯ ಪುಸ್ತಕವೊಂದನ್ನು ಓದುತ್ತಿದ್ದಳು.

"ಅಪ್ಪಾ, ಇದನ್ನ ಕೇಳು. 'ಸಾವಿಗಂಜದವನ ಮನೆಯಲ್ಲಿ ದೆವ್ವ ಹಸಿದು ಸಾಯುತ್ತದೆ. ಅಂಜಿದವನ ಮನೆಯಲ್ಲಿ ಬದುಕಿದವರ ಪಾಲನ್ನು ಉಣ್ಣುತ್ತದೆ.' ಏನರ್ಥ?"

"ಸತ್ತ ಮೇಲಲ್ವಾ ದೆವ್ವ ಆಗೋದು? ಮತ್ತೆ ಹೇಗೆ ಸಾಯುತ್ತೆ? ಬರೆದೋನು ನಿದ್ದೆಗೆಟ್ಟಿದ್ದ ಅನ್ಸುತ್ತೆ."

"ನಮ್ಮ ಹಾಗೆ ನೆಲದ ಮೇಲೆ ಮಲಗಿದ್ನೇನೋ."

ಅವನು ದಬ್ಬಣಕ್ಕೆ ದಾರ ಪೋಣಿಸತೊಡಗಿದ. ಆದರೂ ಆ ಸಾಲು ಹಲ್ಲಿಗೆ ಸಿಕ್ಕಿದ ನಾರಿನಂತೆ ಕಾಡಿತು. ನಮ್ಮ ಮನೆಯಲ್ಲಿ ದೆವ್ವ ತಿನ್ನುವುದಕ್ಕೆ ಏನಿದೆ ಮಣ್ಣು, ಎಂದುಕೊಂಡು ದಬ್ಬಣ ಆಡಿಸುತ್ತಿದ್ದ.

ಒಂದು ಬೆಳಿಗ್ಗೆ ಮಗಳ ಮೈ ಒರೆಸಲು ಅವಳನ್ನು ಮಗ್ಗುಲಿಗೆ ಹೊರಳಿಸಿದ. ಸೊಂಟದ ಮೂಳೆಯ ಮೇಲೆ ಚಾಪೆ ಒತ್ತಿ ಒತ್ತಿ ಹಸಿ ಹುಣ್ಣಾಗಿತ್ತು. ಮೊಳ ದೂರದಲ್ಲಿ ಮಂಚ, ಅದರ ಮೇಲೆ ಯಾರೂ ಮಲಗದ ಹಾಸಿಗೆ. ಒದ್ದೆ ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

"ಪಾಲು ಅಂದ್ರೆ ಇದೇ ಕಣಮ್ಮ. ದೆವ್ವಕ್ಕೆ ಮಂಚ ಕೊಟ್ಟು ನಿನಗೆ ನೆಲ ಕೊಟ್ಟೆ."

"ಅಮ್ಮ ಯಾವತ್ತು ದೆವ್ವ ಆಗಿದ್ಲು? ನೀನೇ ಕೂರಿಸಿಕೊಂಡು ಸಾಕಿದ್ದು."

ಧೂಳು ತಾಗದಿರಲೆಂದು ಮಗಳನ್ನು ಪಕ್ಕದ ಮನೆಯ ಜಗಲಿಗೆ ಹೊತ್ತೊಯ್ದು ಮಲಗಿಸಿ ಬಂದು, ಮಂಚದ ಹಾಸಿಗೆಯ ಹೊಲಿಗೆ ಬಿಚ್ಚಿದ. ಮುದ್ದೆಗಟ್ಟಿದ ಹತ್ತಿಯಲ್ಲಿ ಒಂದು ಉದ್ದನೆಯ ನರೆಗೂದಲು ಸಿಕ್ಕಿತು. ಬೆರಳಿಗೆ ಸುತ್ತಿ ನೋಡಿದ, ಕಿಟಕಿಯಾಚೆ ಬಿಟ್ಟ, ಬಿಲ್ಲು ಮೀಟಿದ. ಸಂಜೆಯ ಹೊತ್ತಿಗೆ ಮಗಳು ಮಂಚದ ಮೇಲಿದ್ದಳು. "ಉಬ್ಬಿದ ರೊಟ್ಟಿ ಮೇಲೆ ಮಲಗಿದ ಹಾಗಿದೆ" ಎಂದು ನಕ್ಕಳು, ಕೆಮ್ಮಿದಳು.

ತಿಂಗಳು ತುಂಬುವ ಮೊದಲೇ ತೀರಿಕೊಂಡಳು.

"ತಾಯಿ ಕರ್ಕೊಂಡು ಹೋದ್ಲು. ಆ ಹಾಸಿಗೆ ಸುಟ್ಟುಬಿಡಿ" ಎಂದಳು ಪಕ್ಕದ ಮನೆಯಾಕೆ.

"ಕರ್ಕೊಂಡು ಹೋಗಿದ್ದು ಕೆಮ್ಮು ಕಣಮ್ಮ. ಅಲ್ಲೀವರೆಗೂ ನೆಲಕ್ಕೆ ಹಾಕಿದ್ದು ನಾನು."

ಆಕೆ ಹೋದ ಮೇಲೆ ಹಾಸಿಗೆಯ ಮೇಲೆ ಕೈಯಾಡಿಸಿದ. ಮಗಳು ಅಷ್ಟು ಸೊರಗಿದ್ದಳು. ಎಲ್ಲಿಯೂ ತಗ್ಗೇ ಬಿದ್ದಿರಲಿಲ್ಲ. ಬಿಲ್ಲನ್ನು ಗೋಡೆಗೆ ಒರಗಿಸಿ, ಆ ಹಾಸಿಗೆಯ ಮೇಲೆಯೇ ಬೆನ್ನು ಚಾಚಿದ.