ಬಂಡೆಯ ಕೆಳಗಿನ ನೀರು

ರಾಷ್ಟ್ರೀಯ ಉದ್ಯಾನದ ನದಿ ತಿರುವಿನಲ್ಲಿ ಈಜುವವರನ್ನು ಕಾಯುವ ಕೆಲಸ ಅವಳದು, ಇಪ್ಪತ್ತೆರಡು ವರ್ಷದಿಂದ. ಬಾಯಲ್ಲಿ ಸೀಟಿ, ಕೈಯಲ್ಲಿ ಉದ್ದನೆಯ ಕೋಲು. ಎಲ್ಲದರಲ್ಲೂ ತಪ್ಪು ಹುಡುಕುತ್ತಾಳೆಂದು ಬಂದವರೆಲ್ಲ ಅವಳನ್ನು ‘ನೀರತ್ತೆ’ ಎನ್ನುತ್ತಿದ್ದರು. ಆ ಹೆಸರು ಅವಳಿಗೆ ಒಳಗೊಳಗೇ ಇಷ್ಟ. ಮನೆಯಲ್ಲಿ ಸೊಸೆಯಾಗಿ ಸವೆದವಳಿಗೆ ಇಲ್ಲಾದರೂ ಅತ್ತೆಯ ಪದವಿ ಸಿಕ್ಕಿತಲ್ಲ!

ನದಿಯ ಮರಳಿಗೆ ಇದ್ದಲ್ಲಿ ಇರುವ ಬುದ್ಧಿಯಿಲ್ಲ. ನಿನ್ನೆ ಆಳುದ್ದ ನೀರಿದ್ದ ಕಡೆ ಇವತ್ತು ದಿಬ್ಬ. ಅದಕ್ಕೇ ಅವಳು ದಿನಾ ಬೆಳಗ್ಗೆ ನೀರಿಗಿಳಿದು, ಕೋಲೂರಿ ಆಳ ನೋಡಿ, ಅಪಾಯವಿದ್ದಲ್ಲಿ ಕೆಂಪು ಬಾವುಟ ನೆಡುತ್ತಿದ್ದಳು.

ಆ ಭಾನುವಾರ ಮಾತ್ರ ತಪ್ಪಿತು. ಗಂಡನ ಕಡೆಯವರು ದಂಡು ಕಟ್ಟಿಕೊಂಡು ಬಂದಿದ್ದರು. ಹನ್ನೊಂದು ಜನರ ಬುತ್ತಿ ಕಟ್ಟುವಷ್ಟರಲ್ಲಿ ಹೊತ್ತೇರಿತು. ಬಾವುಟಗಳು ನಿನ್ನೆಯ ಜಾಗದಲ್ಲೇ ಉಳಿದವು.

ಬಂದವರಲ್ಲಿ ಮೈದುನನೂ ಒಬ್ಬ. ಪೇಟೆಯ ಈಜುಕೊಳದಲ್ಲಿ ಮಾಸ್ತರು. ತನ್ನ ಪದಕಗಳ ಮಾತೆತ್ತಿದರೆ ಎದುರಿಗಿದ್ದವರ ಊಟ ಆರಿಹೋದರೂ ನಿಲ್ಲಿಸುವ ಪೈಕಿಯಲ್ಲ. ಆಳ ಎಷ್ಟೆಂದು ಗೋಡೆಯ ಮೇಲೇ ಬರೆದಿಟ್ಟ ನೀರಿನಲ್ಲಿ ಆಯುಸ್ಸು ಕಳೆದವನು. ಹೋದ ವರ್ಷ ಇದೇ ತಿರುವಿನ ಬಂಡೆಯ ಮೇಲಿಂದ ತಲೆಕೆಳಗಾಗಿ ಹಾರಿ ಶಹಬ್ಬಾಸ್ ಎನಿಸಿಕೊಂಡಿದ್ದ. ಈ ಸಲವೂ ಬಂಡೆ ಹತ್ತಿ ತೋಳು ಚಾಚಿ ನಿಂತ.

ಅವಳು ಸೀಟಿ ಊದಿದಳು, ಹಾರಬೇಡವೆಂದು ಗಂಟಲು ಹರಿಯುವಂತೆ ಕೂಗಿದಳು.

“ಅತ್ತಿಗೆ, ನನಗೇ ಈಜು ಹೇಳಿಕೊಡ್ತೀರಾ?” ಎಂದು ಅವನು ನಕ್ಕ. ದಂಡೆಯಲ್ಲಿದ್ದವರೂ ನಕ್ಕರು.

ಅವಳು ಉಟ್ಟ ಬಟ್ಟೆಯಲ್ಲೇ ನೀರಿಗೆ ನುಗ್ಗಿ, ಬಂಡೆಯ ಕೆಳಗೆ ಹೋಗಿ ನಿಂತಳು. “ಹಾರು! ಹಾರೋದಾದ್ರೆ ನನ್ನ ತಲೆ ಮೇಲೇ ಹಾರು!”

ನೀರು ಅವಳ ಮೊಣಕಾಲಿಗೂ ಬಂದಿರಲಿಲ್ಲ.

ಪದಕದ ಮಾಸ್ತರು ಹತ್ತಿದ ದಾರಿಯಲ್ಲೇ ಅಂಡೂರಿಕೊಂಡು ಜಾರುತ್ತ ಕೆಳಗಿಳಿದರು.

“ಎಲ್ಲರ ಮುಂದೆ ನನ್ನ ಮಾನ ಕಳೆದ್ರಲ್ಲ ಅತ್ತಿಗೆ. ಇಷ್ಟೇ ನೀರಿರೋದು ಅಂತ ಮೊದಲೇ ಹೇಳೋಕೆ ಏನಾಗಿತ್ತು?” ಎಂದು ಮೈದುನ ಬುಸುಗುಟ್ಟಿದ.

ಅವಳು ಸುಮ್ಮನಿದ್ದಿದ್ದರೆ ಆಗುತ್ತಿತ್ತು, ನೀರತ್ತೆಯ ಹೆಸರು ಇನ್ನೂ ನಾಲ್ಕು ದಿನ ಮೆರೆಯುತ್ತಿತ್ತು. ಆದರೆ ಹೆದರಿಕೆ ಒಂದು ಕಡೆ, ನಾಚಿಕೆ ಇನ್ನೊಂದು ಕಡೆ.

“ಗೊತ್ತಿದ್ರೆ ತಾನೇ ಹೇಳೋಕೆ? ಇವತ್ತು ನಾನು ಆಳ ನೋಡೇ ಇರ್ಲಿಲ್ಲ ಕಣೋ. ಇಳಿದ ಮೇಲೇ ನನಗೂ ಗೊತ್ತಾಗಿದ್ದು.”

ಮೈದುನ ಬಂಡೆಯನ್ನೊಮ್ಮೆ ನೋಡಿದ, ಮೊಣಕಾಲವರೆಗೂ ನೆನೆಯದ ಅವಳ ಬಟ್ಟೆಯನ್ನೊಮ್ಮೆ ನೋಡಿದ. ಆಮೇಲೆ ಎರಡೂ ಕೈಯಿಂದ ತನ್ನ ಕತ್ತು ಹಿಡಿದುಕೊಂಡು ಅಲ್ಲೇ ಮರಳಿನ ಮೇಲೆ ಕುಸಿದು ಕೂತ.