ನೋಟ್‌ಬುಕ್ಕಿನ ತಂಡ, ಕೊನೆಯ ಪಂದ್ಯ

ಜೀವನದಲ್ಲಿ ಒಮ್ಮೆಯೂ ಚೆಂಡನ್ನು ಸರಿಯಾಗಿ ಒದ್ದವನಲ್ಲ ನಾನು. ಆದರೂ ಎಂಬತ್ತರ ದಶಕದ ಕೊನೆಯಲ್ಲಿ, ನೈರೋಬಿಯ ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿನಲ್ಲಿ ಕುಳಿತು, ಇಂಗ್ಲೆಂಡಿನ ಒಂದು ಹಳೆಯ ಬಡಪಾಯಿ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಕಾರನಾಗಿದ್ದೆ. ಇಪ್ಪತ್ತೆರಡು ಆಟಗಾರರ ಹೆಸರು, ಯಾರು ಎಷ್ಟು ಗೋಲು ಹೊಡೆದರು, ಯಾರ ಮೊಣಕಾಲು ಯಾವ ವಾರ ಕೈಕೊಟ್ಟಿತು, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿತ್ತು. ವೃತ್ತಿಯಿಂದ ಗಣಿತದ ಮೇಷ್ಟ್ರು. ಚಟಕ್ಕೂ ಅಂಕಿಗಳೇ ಬೇಕು. ಅದೇ ಕ್ಲಬ್ ಏಕೆ ಎನ್ನುತ್ತೀರಾ? ಗೆಲ್ಲುವವರಿಗೆ ಅಭಿಮಾನಿಗಳು ತಾವಾಗಿಯೇ ಸಿಗುತ್ತಾರೆ. ಸೋಲುವವರಿಗೂ ಯಾರಾದರೂ ಬೇಡವೇ?

ತೊಂದರೆಯೆಂದರೆ, ನನ್ನ ಸೀಸನ್ ಲಂಡನ್ನಿಗಿಂತ ಒಂದು ತಿಂಗಳು ಹಿಂದೆ ನಡೆಯುತ್ತಿತ್ತು. ನೈರೋಬಿಯಲ್ಲೇ, ಹರ್ಲಿಂಗ್‌ಹ್ಯಾಮಿನಲ್ಲಿ ಕ್ಲಿನಿಕ್ ಇಟ್ಟಿದ್ದ ಮಂಗಳೂರಿನ ಡಾಕ್ಟರ್ ಡಿಸೋಜರಿಗೆ ಅವರ ತಮ್ಮ ಲಂಡನ್ನಿನಿಂದ ಪತ್ರಿಕೆಗಳ ಕಟ್ಟು ಕಳಿಸುತ್ತಿದ್ದ. ಅವನ್ನು ಅವರಿಂದ ತಂದು ಭಾನುವಾರಕ್ಕೊಂದರಂತೆ ಓದುವುದು ನನ್ನ ವ್ರತ. ಅಲ್ಲಿಯವರೆಗೆ ಫಲಿತಾಂಶ ಕಿವಿಗೆ ಬೀಳಕೂಡದು. ನೈರೋಬಿಯ ಪತ್ರಿಕೆಯ ಕ್ರೀಡಾಪುಟವನ್ನು ಹೆಂಡತಿ ನಾನು ಏಳುವ ಮೊದಲೇ ಕಿತ್ತು, ಅಡುಗೆಮನೆಯ ಶೆಲ್ಫಿಗೆ ಹಾಸಿ, ಮೇಲೆ ಡಬ್ಬಗಳನ್ನು ಕೂರಿಸಿಬಿಡುತ್ತಿದ್ದಳು. ಹದಿಮೂರರ ಮಗಳು ಮಾಲಿನಿ ಬಾಗಿಲು ಹಾಕಿಕೊಂಡು ರೇಡಿಯೋದಲ್ಲಿ ಎಲ್ಲ ಕೇಳಿ, ತುಟಿ ಬಿಗಿದುಕೊಂಡು ಹೊರಬರುತ್ತಿದ್ದಳು.

"ಮೇಷ್ಟ್ರೇ, ನನಗೆ ಗೊತ್ತುಂಟು. ಹೇಳ್ಲಾ?" ಎಂದು ಡಾಕ್ಟರು ಕೀಟಲೆ ಮಾಡಿದರೆ, ನಾನು ಕಿವಿ ಮುಚ್ಚಿಕೊಂಡೇ ಮಟಾಟು ವ್ಯಾನ್ ಹತ್ತುತ್ತಿದ್ದೆ.

ಆ ವರ್ಷ ತಂಡದ ಪ್ರಾಣ ಕುತ್ತಿಗೆಗೆ ಬಂದಿತ್ತು. ಕೊನೆಯ ಪಂದ್ಯ ಗೆದ್ದರೆ ಮೊದಲ ಡಿವಿಜನ್ನಿನಲ್ಲಿ ಉಳಿವು, ಇಲ್ಲದಿದ್ದರೆ ಕೆಳಗೆ. ಅಲ್ಲಿ ಆ ಪಂದ್ಯ ಮುಗಿದಿರಬೇಕಾದ ಹೊತ್ತಿಗೆ ಮಗಳು ವಿಚಿತ್ರವಾಗಿ ಒಳ್ಳೆಯವಳಾದಳು. ಕರೆದರೂ ಏಳದವಳು ಕೇಳದೆಯೇ ಕಾಫಿ ತಂದುಕೊಟ್ಟಳು, ನನ್ನ ಅಂಗಿಗೆ ಇಸ್ತ್ರಿ ಹಾಕಿದಳು. ತಂಡ ಮುಳುಗಿದೆ, ಇವಳಿಗೆ ಗೊತ್ತು, ಅದಕ್ಕೇ ಅಪ್ಪನನ್ನು ಸಮಾಧಾನ ಮಾಡುತ್ತಿದ್ದಾಳೆ! ನಾಲ್ಕು ವಾರ ಸಾವಿನ ಮನೆಯವನಿಗೆ ಸಿಗುವ ಮರ್ಯಾದೆಯೆಲ್ಲ ನನಗೆ ಸಿಕ್ಕಿತು.

ಕೊನೆಯ ಪತ್ರಿಕೆ ಬಿಡಿಸುವ ಭಾನುವಾರ ಬಂತು. ಮಗಳು ಕುರ್ಚಿಯ ಹಿಂದೆ ನಿಂತಿದ್ದಳು. ಫಲಿತಾಂಶದ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿ ವರದಿ ಓದತೊಡಗಿದೆ. ಮೊದಲ ಗೋಲು ಎದುರಾಳಿಗಳದು. ವಿರಾಮದ ಹೊತ್ತಿಗೆ ಸಮ. ಮುಗಿಯಲು ಎರಡು ನಿಮಿಷವಿದ್ದಾಗ, ವರ್ಷವಿಡೀ ನನ್ನ ಪುಸ್ತಕದಲ್ಲಿ ಸೊನ್ನೆ ಹೊತ್ತು ನಿಂತಿದ್ದ ಮುದಿ ಡಿಫೆಂಡರ್ ತಲೆಯಿಂದ ಗೋಲು ಹೊಡೆದಿದ್ದ! ಗೆದ್ದಿದ್ದೆವು, ಉಳಿದಿದ್ದೆವು. ನಾನು ಕುರ್ಚಿಯಿಂದ ಜಿಗಿದೆ.

"ಅಪ್ಪಾ, ಆರ್ ಯೂ ಹ್ಯಾಪಿ?"

"ಹ್ಯಾಪಿನಾ? ಸ್ವರ್ಗಕ್ಕೆ ಮೂರೇ ಗೇಣು ಕಣೇ!"

"ದೆನ್ ಪ್ಲೀಸ್ ಸೈನ್ ದಿಸ್," ಎಂದು ಮಾಲಿನಿ ಶಾಲೆಯ ರಿಪೋರ್ಟ್ ಕಾರ್ಡ್ ಮುಂದಿಟ್ಟಳು. ಗಣಿತದಲ್ಲಿ ನೂರಕ್ಕೆ ಇಪ್ಪತ್ತೆಂಟು. ಗೆಲುವಿನ ಸುದ್ದಿಯನ್ನು ತಿಂಗಳ ಹಿಂದೆಯೇ ಕೇಳಿದವಳು, ನಾನು ಅಲ್ಲಿಗೆ ತಲುಪಲಿ ಎಂದು ಇದನ್ನು ಬ್ಯಾಗಿನಲ್ಲಿಟ್ಟುಕೊಂಡು ಕಾದಿದ್ದಳು.

ಬೈಯಲು ಹೊರಟವನ ಕಣ್ಣು ನೋಟ್‌ಬುಕ್ಕಿನ ಮೇಲೆ ಬಿತ್ತು. ಆ ವರ್ಷ ಹತ್ತೊಂಬತ್ತು ಪಂದ್ಯ ಸೋತವರಿಗೆ ನಾನು ಒಂದು ಬಿರುನುಡಿಯನ್ನೂ ಆಡಿರಲಿಲ್ಲ. ಒಂದೊಂದು ಸೋಲಿಗೂ ಮಳೆ, ಗಾಯ, ರೆಫರಿ ಎಂದು ನೆಪ ಹುಡುಕಿ ಕೊಟ್ಟಿದ್ದೆ. ನನ್ನ ಮಗಳು ಸೋತದ್ದು ಒಂದೇ ಒಂದು ಸಲ. ಅದನ್ನು ಹೇಳಲು ಅವಳಿಗೆ ಇನ್ನೊಬ್ಬರ ಗೆಲುವು ಬೇಕಾಯಿತು.

ಸಹಿ ಹಾಕಿ, ಪಕ್ಕದ ಕುರ್ಚಿ ಎಳೆದೆ. "ಕೂತ್ಕೋ," ಎಂದೆ. "ಎಲ್ಲಿ ಎಡವಿದೆ, ನೋಡೋಣ."