ತೊಳೆದರೂ ಉಳಿದ ಕೊಬ್ಬು

ಧಾರವಾಡದ ಲ್ಯಾಬಿನಿಂದ ಮರಳಿದಾಗಲೆಲ್ಲ ಅಕ್ಕೋರ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು, ದಿನವೆಲ್ಲ ಬಟ್ಟೆ ಒಗೆದವರ ಹಾಗೆ. ಅವರು ತೊಳೆಯುತ್ತಿದ್ದದ್ದು ಜೀವಕೋಶದ ನಡುವಿನ ಕೋಶಕೇಂದ್ರವನ್ನು.

ತೊಂಬತ್ತರ ದಶಕದಲ್ಲಿ ಅವರು ಹಳಿಯಾಳದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತ, ರಜೆಯ ದಿನ ಧಾರವಾಡಕ್ಕೆ ಹೋಗಿ ಪಿಎಚ್.ಡಿ. ಮಾಡುತ್ತಿದ್ದರು. ನಮ್ಮ ಶೇಂಗಾ ಎಣ್ಣೆ ಗಿರಣಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ವಾಸ. ಕೋಶಕೇಂದ್ರ ಬೇರ್ಪಡಿಸಲು ಅಂದು ಮುಂಜಾನೆ ಮಟನ್ ಅಂಗಡಿಯಿಂದ ಕುರಿಯ ಲಿವರ್ ತಂದು, ಬರ್ಫದ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಬೇಕಿತ್ತು. ನಮ್ಮದು ಲಿಂಗ ಕಟ್ಟಿದ ಮನೆ. "ಅಕ್ಕೋರ, ಅದನ್ನ ಹೊಸ್ತಿಲಾ ದಾಟಸಬ್ಯಾಡ್ರಿ," ಎಂದಳು ಅವ್ವ. ಅಂದಿನಿಂದ ಬಸ್ಸಿನ ಹೊತ್ತಾಗುವವರೆಗೆ ಡಬ್ಬಿ ಅಂಗಳದ ಹುಣಸೆಮರಕ್ಕೆ ತೂಗುತ್ತಿತ್ತು. ಕೋಲು ಹಿಡಿದು ಕಾಗೆ ಓಡಿಸುತ್ತಿದ್ದವಳೂ ಅವ್ವನೇ.

"ಅದರಾಗ ಏನ್ ಹುಡಕ್ತೀರಿ?" ಎಂದು ಒಮ್ಮೆ ಕೇಳಿದೆ. ಎಣ್ಣೆ ತೆಗೆದ ಹಿಂಡಿಯ ತುಂಡೊಂದನ್ನು ಅವರು ಕಾಗದದ ಮೇಲೆ ಒತ್ತಿದರು. ಜಿಡ್ಡಿನ ಕಲೆ ಮೂಡಿತು.

"ಇಷ್ಟ ಹಿಂಡಿದ್ರೂ ಎಣ್ಣಿ ಉಳದೈತಿ ನೋಡು. ಕೋಶಕೇಂದ್ರದಾಗ ಕೊಬ್ಬು ಮ್ಯಾಲಿನ ಪೊರಿಯಾಗಷ್ಟ ಐತಿ ಅಂತಿದ್ರು. ಸಾಬೂನಿನಂಥಾ ನೀರಿಲೆ ಪೊರಿ ತೊಳದು ತಗದ್ರೂ ಒಳಗ ಒಂದೀಟು ಉಳೀತೈತಿ. ಕೋಶಕ್ಕ ಬೆಳಿ ಅಂತ ಹುಕುಂ ಬಂದ್ರ ಆ ಕೊಬ್ಬು ತುಂಡಾಗಿ ಒಳಗ ಸುದ್ದಿ ಮುಟ್ಟಸ್ತೈತಿ."

ಅವರ ಗೈಡ್ ನಂಬಲಿಲ್ಲ. ಸರಿಯಾಗಿ ತೊಳೆದಿಲ್ಲ, ಪ್ರಬಂಧದಿಂದ ಆ ಅಧ್ಯಾಯ ಕೈಬಿಟ್ಟರೆ ಮಾತ್ರ ಸಹಿ ಎಂದರಂತೆ.

"ಬಿಟ್ಟಬಿಡ್ರಿ. ಡಿಗ್ರಿ ಕೈಗೆ ಬರಲಿ," ಎಂದೆ.

"ಕಂಡದ್ದನ್ನ ಕಂಡಿಲ್ಲಾ ಅನ್ನಾಕ ಬರೂದಿಲ್ಲೋ ತಮ್ಮಾ."

ಮತ್ತೆ ಮತ್ತೆ ತೊಳೆದರು. ಕೊಬ್ಬು ಇದ್ದೇ ಇತ್ತು, ಗೈಡರ ಹಟವೂ ಇತ್ತು. ಆಗ ನನ್ನ ವ್ಯಾಪಾರದ ಬುದ್ಧಿ ಹೇಳಿದೆ: "ಗಿರಾಕಿಗೆ ತೂಕದ ಮ್ಯಾಲೆ ಸಂಶೆ ಬಂದ್ರ ನಾ ವಾದಾ ಮಾಡೂದಿಲ್ರಿ, ತಕ್ಕಡಿ ಅವನ ಕೈಯಾಗ ಕೊಡ್ತೇನಿ. ನಿಮ್ಮ ಸರ್ ಕೈಲೇನ ತೊಳಸ್ರಿ."

"ಭಾರಿ ಅದಿಯಲ್ಲೋ," ಎಂದು ನಕ್ಕರು. ಮುಂದಿನ ವಾರ ಡಬ್ಬಿಯನ್ನು ಸರ್ ಎದುರಿಗೇ ಇಟ್ಟರಂತೆ. ಸಂಜೆ ಬಂದಾಗ ಅವರ ಬೆರಳುಗಳು ಒಣಗಿದ್ದವು. "ಸರ್ ತಾವ ತೊಳದ್ರು. ಅವರ ಕೈಯಾಗೂ ಕೊಬ್ಬು ಉಳೀತು. ಆಮ್ಯಾಲೆ ತಮ್ಮ ಸುಕ್ಕಾದ ಬೆರಳ ನೋಡ್ಕೊಂಡ್ರು." ಅಧ್ಯಾಯ ಉಳಿಯಿತು. ಸಹಿಯೂ ಬಿತ್ತು.

ಎಷ್ಟೋ ವರ್ಷಗಳ ಮೇಲೆ ಅಕ್ಕೋರು ಕಾಯಿಲೆ ಬಿದ್ದಿದ್ದಾಗ ನೋಡಲು ಹೋಗಿ ಕೇಳಿದ್ದೆ: "ಆ ಕೊಬ್ಬು ಒಳಗ ಏನೇನ್ ಹೇಳತೈತಿ, ಎಲ್ಲಾ ಗೊತ್ತಾತೇನ್ರಿ?"

"ಎಲ್ಲಿದೋ. ಈಗಷ್ಟ ಕಿವಿ ಹಚ್ಚೇವಿ."

ಆ ಮಳೆಗಾಲದಲ್ಲೇ ಹೋಗಿಬಿಟ್ಟರು. ಈಗ ಮುಂಡಗೋಡದ ಟಿಬೆಟನ್ ಕಾಲೊನಿಗೆ ಗೋವಿನಜೋಳ ಕೊಳ್ಳಲು ಹೋದರೆ ಕಾಳೊಂದನ್ನು ಸೀಳಿ, ಮೊಳಕೆ ಒಡೆಯುವ ಜಾಗವನ್ನು ಉಗುರಿನಿಂದ ಒತ್ತುತ್ತೇನೆ. ಅಲ್ಲಿ ಸಣ್ಣಗೆ ಜಿಡ್ಡು ಹೊಳೆಯುತ್ತದೆ. ಮಾರುವವರು ಕಾಯುತ್ತ ನಿಲ್ಲುತ್ತಾರೆ; ನಾನು ದರ ಕೇಳುವುದನ್ನು ಮರೆತು ನೋಡುತ್ತಿರುತ್ತೇನೆ.